ವ್ಯಾಲಿ ಫೋರ್ಜ್‌ನ ಸೈನಿಕರು ಮನೆಗೆ ಯಾಕೆ ಹೋಗಲಿಲ್ಲ? (ಅಪ್ಪ ಕೇಳಿದ ಪ್ರಶ್ನೆ)

ದೂರದೂರವ
ಶನಿವಾರ ರಾತ್ರಿ 9:10

ಎಲ್ಲರ ಅಪ್ಪ ಅಮ್ಮ ಮೇ ತಿಂಗಳಲ್ಲಿ ಬಂದು ಸೆಪ್ಟೆಂಬರಿಗೆ ಊರಿಗೆ ಹೊರಟರೆ, ನಮ್ಮವರು ಮೊಮ್ಮಗಳ ನಾಮಕರಣಕ್ಕೆಂದು ಡಿಸೆಂಬರಿನಲ್ಲೇ ಬಂದಿಳಿದಿದ್ದಾರೆ. ನಾನಿರುವುದು ಪೆನ್ಸಿಲ್ವೇನಿಯಾದ ಕಿಂಗ್ ಆಫ್ ಪ್ರಶಿಯಾ ಎಂಬ ಊರಿನ ಹತ್ತಿರ. ಮಾಲ್ ತೋರಿಸಿದ್ದಾಯಿತು, ದೇವಸ್ಥಾನ ತೋರಿಸಿದ್ದಾಯಿತು. ಇನ್ನೇನು ತೋರಿಸುವುದೆಂದು ಇವತ್ತು ವ್ಯಾಲಿ ಫೋರ್ಜ್‌ಗೆ ಕರೆದುಕೊಂಡು ಹೋಗಿದ್ದೆ. ಅಮೆರಿಕನ್ನರು ಬ್ರಿಟಿಷರ ವಿರುದ್ಧ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದಾಗ ವಾಷಿಂಗ್ಟನ್ನನ ಸೈನ್ಯ 1777-78ರ ಚಳಿಗಾಲ ಕಳೆದ ಜಾಗ ಅದು. ಮನೆಯಿಂದ ಕಾರಿನಲ್ಲಿ ಹತ್ತು ನಿಮಿಷ. ಜಾಗಿಂಗಿಗೆ ನೂರು ಸಲ ಹೋಗಿದ್ದೇನೆ, ಅಲ್ಲಿನ ಬೋರ್ಡುಗಳನ್ನು ಒಂದು ಸಲವೂ ನೆಟ್ಟಗೆ ಓದಿರಲಿಲ್ಲ.

ಅಪ್ಪ ಹಾಸನದ ಕಡೆಯ ಹಳ್ಳಿಯಲ್ಲಿ ಮೇಷ್ಟ್ರಾಗಿದ್ದವರು. ಎಲ್ಲಾ ಬೋರ್ಡನ್ನೂ ಓದಿದರು. ಸೈನಿಕರ ಗುಡಿಸಲುಗಳನ್ನು ಹಳೇ ಅಳತೆಯಲ್ಲೇ ಮತ್ತೆ ಕಟ್ಟಿಟ್ಟಿದ್ದಾರೆ. ಮರದ ದಿಮ್ಮಿ, ಸಂದಿಗೆ ಮೆತ್ತಿದ ಮಣ್ಣು, ಒಳಗೆ ಗೋಡೆಗೆ ಹೊಂದಿಸಿದ ಹಲಗೆ ಮಂಚ, ಒಂದರ ಮೇಲೊಂದು. 14 ಅಡಿಗೆ 16 ಅಡಿ, ಅದರಲ್ಲಿ 12 ಜನ. ಅಪ್ಪ ನನ್ನ ಹಳೇ ಜಾಕೆಟ್ಟು, ಅದರ ಮೇಲೆ ಮಫ್ಲರು, ಅದರ ಮೇಲೆ ಅಮ್ಮನ ಶಾಲು ಹೊದ್ದುಕೊಂಡೇ ಹೆಜ್ಜೆ ಹಾಕಿ ಅಳೆದರು. "ನಮ್ಮ ಕೊಟ್ಟಿಗೆಗಿಂತ ಚಿಕ್ಕದು" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಾ ಕಣೋ, ಊಟ ಇಲ್ಲ, ಸಂಬಳ ಇಲ್ಲ, ಕಾಲಿಗೆ ಜೋಡಿಲ್ಲ. ಇವ್ರು ಮನೆಗೆ ಯಾಕೆ ಹೋಗ್ಲಿಲ್ಲ?" ಅಂತ ಕೇಳಿದರು.

"ದೇಶಪ್ರೇಮ ಅಪ್ಪಾ" ಅಂದೆ. ಮೇಷ್ಟ್ರು ಹುಡುಗನ ಉತ್ತರ ಪತ್ರಿಕೆಗೆ ಎರಡು ಅಂಕ ಹಾಕುವ ಮುಖ ಮಾಡಿದರು.

ಇಲ್ಲಿ ಇತಿಹಾಸ ಬಲ್ಲವರಿದ್ದೀರಿ. ಸರಿಯಾದ ಉತ್ತರ ಏನು? ಸೋಮವಾರ ಊಟಕ್ಕೆ ಕೂತಾಗ ಅಪ್ಪ ಮತ್ತೆ ಕೇಳದೆ ಬಿಡುವುದಿಲ್ಲ.

ಗಡಿಬಿಡಿ
ಶನಿವಾರ ರಾತ್ರಿ 9:32

ನಿಮ್ಮಪ್ಪ ಸರಿಯಾಗಿ ಹಾಕಿದ್ದಾರೆ ಅಂಕ. ಬಡವರ ಮಕ್ಕಳು, ಹೋಗಲು ಬೇರೆ ಜಾಗ ಇರಲಿಲ್ಲ, ಅಷ್ಟೇ. ಸೇರಿದವರಿಗೆ 20 ಡಾಲರ್ ಇನಾಮು, ಯುದ್ಧ ಮುಗಿಯುವ ತನಕ ಇದ್ದವರಿಗೆ 100 ಎಕರೆ ಜಮೀನು ಎಂದು ಅವರ ಕಾಂಗ್ರೆಸ್ (ಬ್ರಿಟಿಷರ ವಿರುದ್ಧ ಎದ್ದ ರಾಜ್ಯಗಳ ಪ್ರತಿನಿಧಿ ಸಭೆ) 1776ರಲ್ಲಿ ಆಸೆ ಹುಟ್ಟಿಸಿತ್ತು. ಕೂಲಿಯವನಿಗೆ ನೂರು ಎಕರೆ ಅಂದರೆ ಸುಮ್ಮನೇನಾ? ಇದಕ್ಕೆಲ್ಲ ಆಮೇಲೆ ಬಾವುಟ ಸುತ್ತಿದ್ದು ಪಠ್ಯಪುಸ್ತಕ ಬರೆದವರು.

ಹಳೇಪುಟ
ಶನಿವಾರ ರಾತ್ರಿ 10:25

ಮೊದಲು ಸಂದರ್ಭ ಹೇಳಿಬಿಡುತ್ತೇನೆ, ಆಮೇಲೆ ಜಗಳ ಆಡೋಣ.

1777 ಆ ಸೈನ್ಯಕ್ಕೆ ಸೋಲಿನ ವರ್ಷ. ಸೆಪ್ಟೆಂಬರ್ 11ಕ್ಕೆ ಬ್ರ್ಯಾಂಡಿವೈನ್‌ನಲ್ಲಿ ಸೋತರು. ಅದೇ ತಿಂಗಳ 26ಕ್ಕೆ ಬ್ರಿಟಿಷರು ಫಿಲಡೆಲ್ಫಿಯಾ ಹೊಕ್ಕರು, ಅಂದರೆ ರಾಜಧಾನಿಯೇ ಹೋಯಿತು. ಕಾಂಗ್ರೆಸ್ಸಿನವರು ಯಾರ್ಕ್ ಎಂಬ ಊರಿಗೆ ಓಡಿದರು. ಅಕ್ಟೋಬರ್ 4ಕ್ಕೆ ಜರ್ಮನ್‌ಟೌನ್‌ನಲ್ಲಿ ಇನ್ನೊಂದು ಸೋಲು. ಉತ್ತರದ ಸಾರಟೋಗಾದಲ್ಲಿ ಗೆದ್ದದ್ದು ನಿಜ, ಆದರೆ ಅದು ಬೇರೆ ಸೇನಾಪತಿಯ ಬೇರೆ ಸೈನ್ಯ. ಡಿಸೆಂಬರ್ 19ಕ್ಕೆ ವಾಷಿಂಗ್ಟನ್ನನ ಹನ್ನೊಂದು ಹನ್ನೆರಡು ಸಾವಿರ ಜನ ಈ ವ್ಯಾಲಿ ಫೋರ್ಜ್‌ಗೆ ನಡೆದು ಬಂದರು. ಫಿಲಡೆಲ್ಫಿಯಾದಿಂದ ಸುಮಾರು 30 ಕಿಲೋಮೀಟರ್. ವೈರಿ ಊರೊಳಗೆ ಹೆಂಚಿನಡಿ ಬೆಚ್ಚಗೆ, ಇವರು ಗುಡ್ಡದ ಮೇಲೆ ಡೇರೆಯಲ್ಲಿ. ಗುಡಿಸಲನ್ನು ತಾವೇ ಮರ ಕಡಿದು ಕಟ್ಟಿಕೊಳ್ಳಬೇಕು. ಪ್ರತಿ ರೆಜಿಮೆಂಟಿನಲ್ಲಿ ಎಲ್ಲರಿಗಿಂತ ಬೇಗ, ಚೆನ್ನಾಗಿ ಕಟ್ಟಿದ ತಂಡಕ್ಕೆ 12 ಡಾಲರ್ ಬಹುಮಾನ ಎಂದು ವಾಷಿಂಗ್ಟನ್ ಸಾರಿದ.

ನಾಲ್ಕೇ ದಿನಕ್ಕೆ, ಡಿಸೆಂಬರ್ 23ಕ್ಕೆ, ಅವನು ಕಾಂಗ್ರೆಸ್ಸಿನ ಅಧ್ಯಕ್ಷ ಹೆನ್ರಿ ಲಾರೆನ್ಸನಿಗೆ ಕಾಗದ ಬರೆಯುತ್ತಾನೆ. ಬರಿಗಾಲು, ಮೈಮೇಲೆ ಬಟ್ಟೆ ಇಲ್ಲ ಎಂಬ ಕಾರಣಕ್ಕೇ 2,898 ಜನ ಕರ್ತವ್ಯಕ್ಕೆ ಬಾರದಂತಾಗಿದ್ದಾರೆ. ಏನಾದರೂ ದೊಡ್ಡ ಬದಲಾವಣೆ ಆಗದಿದ್ದರೆ ಈ ಸೈನ್ಯ ಹಸಿವಿನಿಂದ ಸಾಯಬೇಕು, ಕರಗಿಹೋಗಬೇಕು, ಇಲ್ಲವೇ ಚೆದುರಿಹೋಗಬೇಕು ಎಂದು. ಹಿಂದಿನ ರಾತ್ರಿ ದಂಗೆ ಎದ್ದಿತ್ತು, ಕಷ್ಟಪಟ್ಟು ಅಡಗಿಸಿದೆವು ಎಂದೂ ಅದೇ ಕಾಗದದಲ್ಲಿದೆ.

ಊಟ? ಗೋಧಿ ಹಿಟ್ಟಿಗೆ ನೀರು ಬೆರೆಸಿ ಕಾದ ಕಲ್ಲಿನ ಮೇಲೆ ಬಡಿದ ರೊಟ್ಟಿ. ಫೈರ್‌ಕೇಕ್ ಅನ್ನುತ್ತಿದ್ದರು. ಆಲ್ಬಿಜೆನ್ಸ್ ವಾಲ್ಡೋ ಎಂಬ ಸೈನ್ಯದ ವೈದ್ಯನ ದಿನಚರಿ ಉಳಿದಿದೆ. ಹುಡುಗರೇ ಮಧ್ಯಾಹ್ನಕ್ಕೆ ಏನು? ಫೈರ್‌ಕೇಕು, ನೀರು, ಸರ್. ರಾತ್ರಿಗೆ ಏನು? ಫೈರ್‌ಕೇಕು, ನೀರು, ಸರ್. ಹೀಗೆ ಬರೆದಿಟ್ಟಿದ್ದಾನೆ. ಅದೇ ವೈದ್ಯ ಇನ್ನೊಂದು ಕಡೆ ಹೊಗೆಗೆ ತಲೆ ತಿರುಗುತ್ತದೆ, ಅರ್ಧ ಹೊತ್ತು ವಾಂತಿಯೇ ಆಗುತ್ತದೆ, ನನ್ನ ಕೈಲಿ ಆಗುವುದಿಲ್ಲ ಎಂದು ಗೋಳಾಡುತ್ತಾನೆ.

ಗಡಿಬಿಡಿಯವರೇ, ನಿಮ್ಮ ನೂರು ಎಕರೆ ಮಾತು ಅರ್ಧ ಸರಿ. ಆದರೆ ಸಂಬಳ ತಿಂಗಳಿಗೆ ಆರು ಮುಕ್ಕಾಲು ಡಾಲರಿಗೂ ಕಮ್ಮಿ, ಅದೂ ತಿಂಗಳುಗಟ್ಟಲೆ ಬಾಕಿ, ಬಂದರೂ ಕಾಗದದ ನೋಟು. ಅಕ್ಕಪಕ್ಕದ ರೈತರೇ ಆ ನೋಟು ಬೇಡವೆಂದು ಧಾನ್ಯವನ್ನು ಫಿಲಡೆಲ್ಫಿಯಾಗೆ ಸಾಗಿಸಿ ಬ್ರಿಟಿಷರಿಂದ ಬೆಳ್ಳಿ, ಬಂಗಾರದ ನಾಣ್ಯ ಎಣಿಸಿಕೊಳ್ಳುತ್ತಿದ್ದರು. ದುಡ್ಡಿಗಾಗಿ ಬಂದವನು ದುಡ್ಡು ಬಾರದಿದ್ದಾಗ ಯಾಕೆ ನಿಂತ, ಅದನ್ನು ಹೇಳಿ.

ಗಡಿಬಿಡಿ
ಶನಿವಾರ ರಾತ್ರಿ 10:41

ಎಲ್ಲಿ ನಿಂತರು? ಓಡಿಹೋದವರ ಲೆಕ್ಕ ಯಾಕೆ ಹೇಳುವುದಿಲ್ಲ?

ಹಳೇಪುಟ
ಶನಿವಾರ ರಾತ್ರಿ 10:58

ಹೇಳುತ್ತೇನೆ. ನೂರಾರು ಜನ ಓಡಿಹೋದರು, ಕೆಲವರು ನೇರ ಫಿಲಡೆಲ್ಫಿಯಾಗೇ. ಸಿಪಾಯಿಗಿಂತ ಅಧಿಕಾರಿಗಳದ್ದೇ ದೊಡ್ಡ ತಲೆನೋವು: ಅವರು ಓಡುವುದೂ ಬೇಕಿರಲಿಲ್ಲ, ರಾಜೀನಾಮೆ ಬರೆದು ಮರ್ಯಾದೆಯಾಗಿ ಮನೆಗೆ ಹೋಗಬಹುದಿತ್ತು, ಇನ್ನೂರಕ್ಕೂ ಹೆಚ್ಚು ಜನ ಹೋದರು. ಗುಡಿಸಲಲ್ಲಿ ಉಳಿದದ್ದು ಯಾರು ಎಂದರೆ ಹೆಚ್ಚಾಗಿ ನೀವು ಹೇಳಿದವರೇ: ಜಮೀನಿಲ್ಲದವರು, ಕೂಲಿಯವರು, ಐರ್ಲೆಂಡ್ ಜರ್ಮನಿಯಿಂದ ಬಂದ ವಲಸಿಗರು, ಹದಿನೇಳು ಹದಿನೆಂಟರ ಹುಡುಗರು. ಕಳೆದುಕೊಳ್ಳಲು ಏನೂ ಇಲ್ಲದವರು ನಿಂತರು, ಎಲ್ಲ ಇದ್ದವರು ಹೋದರು ಅನ್ನುವಷ್ಟು ಸಲೀಸಾಗಿಯೂ ಇಲ್ಲ. ಆದರೆ ಅಂಥ ಬಣ್ಣ ಒಂದಿಷ್ಟು ಇದೆ.

ಡಾಕ್ಟ್ರಮ್ಮ
ಭಾನುವಾರ ಬೆಳಗ್ಗೆ 7:15

ಎಲ್ಲರೂ ಚಳಿ ಚಳಿ ಅನ್ನುತ್ತಿದ್ದೀರಿ. ಅಲ್ಲಿ ಚಳಿಗೆ ಸತ್ತವರು ಕಮ್ಮಿ. ಆ ಆರು ತಿಂಗಳಲ್ಲಿ ಹೆಚ್ಚುಕಮ್ಮಿ ಎರಡು ಸಾವಿರ ಜನ ತೀರಿಕೊಂಡರು, ಹತ್ತಿರದಲ್ಲಿ ಒಂದು ಯುದ್ಧವೂ ನಡೆಯದೆ. ಕೊಂದದ್ದು ಹೇನಿನಿಂದ ಹರಡುವ ಟೈಫಸ್, ಟೈಫಾಯ್ಡ್, ರಕ್ತಭೇದಿ, ಫ್ಲೂ. ಅದರಲ್ಲೂ ಹೆಚ್ಚು ಸಾವು ಮಾರ್ಚ್, ಏಪ್ರಿಲ್, ಮೇನಲ್ಲಿ. ಹಿಮ ಕರಗಿ ಹೂ ಬಿಡುವ ಹೊತ್ತಿಗೆ! 12 ಜನ ಉಸಿರಾಡುವ ಕಿಟಕಿಯಿಲ್ಲದ ಕೋಣೆ, ಒಂದೇ ಅಂಗಿ, ಒಗೆಯಲು ಸೋಪಿಲ್ಲ, ಮೈತುಂಬ ಕಜ್ಜಿ. ಮೇವಿಲ್ಲದೆ ಸತ್ತ ನೂರಾರು ಕುದುರೆಗಳನ್ನು ಹೂಳಿ ಎಂದು ಮತ್ತೆ ಮತ್ತೆ ಆದೇಶ ಹೊರಡಿಸಬೇಕಾಗಿತ್ತು ಅಂದರೆ ಹೂಳುತ್ತಿರಲಿಲ್ಲ ಅಂತಲೇ ಅರ್ಥ.

ಒಂದು ವಿಷಯದಲ್ಲಿ ಮಾತ್ರ ವಾಷಿಂಗ್ಟನ್ನನಿಗೆ ಪೂರ್ತಿ ಅಂಕ. ಸಿಡುಬಿಗೆ ಸೈನ್ಯಕ್ಕೆಲ್ಲ ಚುಚ್ಚಿಸಬೇಕೆಂದು 1777ರ ಫೆಬ್ರವರಿಯಲ್ಲೇ ತೀರ್ಮಾನಿಸಿದ್ದ. ಈಗಿನ ಲಸಿಕೆ ಆಗ ಹುಟ್ಟಿರಲಿಲ್ಲ. ರೋಗಿಯ ಗುಳ್ಳೆಯ ಕೀವನ್ನೇ ಆರೋಗ್ಯವಂತನ ಚರ್ಮ ಗೀರಿ ಹಚ್ಚುವುದು. ಕೆಲವು ವಾರ ನಿಜವಾದ ಸಿಡುಬೇ ಬರುತ್ತದೆ, ಆದರೆ ಸೌಮ್ಯವಾಗಿ. ವ್ಯಾಲಿ ಫೋರ್ಜ್‌ನಲ್ಲಿ ಮೂರು ನಾಲ್ಕು ಸಾವಿರ ಜನಕ್ಕೆ ಹೀಗೆ ಮಾಡಿದರು. ವೈರಿ ಒಂದು ದಿನದ ನಡಿಗೆಯ ದೂರದಲ್ಲಿರುವಾಗ ಸ್ವಂತ ಸೈನ್ಯವನ್ನು ಸರದಿಯ ಮೇಲೆ ಮಲಗಿಸುವ ಧೈರ್ಯ ನೋಡಿ.

ಸೇನೆಯ ಜೊತೆ ಹೆಂಗಸರು ಮಕ್ಕಳು ಸೇರಿ ಸುಮಾರು 400 ಜನ ಇದ್ದರು. ಬಟ್ಟೆ ಒಗೆದವರು, ರೋಗಿಗಳನ್ನು ನೋಡಿಕೊಂಡವರು ಅವರು. "ಸೈನಿಕರು ಯಾಕೆ ನಿಂತರು" ಎಂಬ ಪ್ರಶ್ನೆಗೆ ಒಂದು ಉತ್ತರ ಅಲ್ಲೂ ಇದೆ. ಕೆಲವರಿಗೆ ಮನೆಯೇ ಪಾಳೆಯಕ್ಕೆ ಬಂದಿತ್ತು.

ಕುಡ್ಲದ ಬಿಸಿಲು
ಭಾನುವಾರ ಬೆಳಗ್ಗೆ 8:02

ಮಂಗಳೂರಿನಲ್ಲಿ 22 ಡಿಗ್ರಿಗೆ ಇಳಿದರೆ ಸ್ವೆಟರ್ ಹುಡುಕುವವ ನಾನು. ಓದಿಯೇ ಶೀತ ಆಯ್ತು ಮಾರಾಯ್ರೆ.

ಶ್ರೀರಂಗಪಟ್ಣದವ್ನು
ಭಾನುವಾರ ಬೆಳಗ್ಗೆ 9:20

ಸ್ವಲ್ಪ ದಾರಿ ತಪ್ಪಿಸ್ತೀನಿ, ಕ್ಷಮೆ ಇರಲಿ. ಬ್ರ್ಯಾಂಡಿವೈನ್‌ನಲ್ಲಿ ಸುತ್ತು ಹೊಡೆದು ಬಲಪಕ್ಕೆಗೆ ಬಂದು ವಾಷಿಂಗ್ಟನ್ನನ ಸೈನ್ಯವನ್ನ ಮುರಿದ ದಂಡಿನ ನಾಯಕ ಯಾರು ಗೊತ್ತಾ? ಕಾರ್ನ್‌ವಾಲಿಸ್. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಅದೇ ವಾಷಿಂಗ್ಟನ್ನನಿಗೆ ಶರಣಾದೋನು. 1792ರಲ್ಲಿ ನಮ್ಮೂರಿಗೆ ಬಂದು ಮುತ್ತಿಗೆ ಹಾಕಿ, ಟಿಪ್ಪುವಿನ ಇಬ್ಬರು ಮಕ್ಕಳನ್ನ ಒತ್ತೆ ಇಟ್ಕೊಂಡು ಹೋದೋನೂ ಅವನೇ. ಅಲ್ಲಿ ಸೋತು ಇಲ್ಲಿ ತೀರಿಸ್ಕೊಂಡ.

ಇನ್ನೊಂದು. 1782ರ ಏಪ್ರಿಲ್‌ನಲ್ಲಿ ಡೆಲಾವೇರ್ ಕೊಲ್ಲಿಯಲ್ಲಿ ಬ್ರಿಟಿಷರ ಜನರಲ್ ಮಂಕ್ ಅನ್ನೋ ಹಡಗನ್ನ ಹಿಡಿದ ಪೆನ್ಸಿಲ್ವೇನಿಯಾದ ಹಡಗಿನ ಹೆಸರು "ಹೈದರ್ ಅಲಿ". ನಮ್ಮ ಹೈದರನ ಹೆಸರೇ. ಅಲ್ಲಿಯವರಿಗೂ ಗೊತ್ತಿತ್ತು, ಬ್ರಿಟಿಷರ ಜೊತೆ ಇನ್ನೊಂದು ಮೂಲೇಲಿ ಯಾರು ಗುದ್ದಾಡ್ತಾ ಇದ್ದಾರೆ ಅಂತ. ನಿಮ್ಮಪ್ಪಾಜಿಗೆ ಇದನ್ನ ಹೇಳಿ, ಖುಷಿ ಪಡ್ತಾರೆ.

ನಿರ್ವಾಹಕ
ಭಾನುವಾರ ಬೆಳಗ್ಗೆ 9:34

ಟಿಪ್ಪು ಬಗ್ಗೆ ಬೇರೆ ಎಳೆ ಇದೆ, ಈಗಾಗಲೇ 640 ಪ್ರತಿಕ್ರಿಯೆ ದಾಟಿದೆ. ದಯವಿಟ್ಟು ಇಲ್ಲಿ ಶುರು ಮಾಡಬೇಡಿ.

ಹಿಮದಾಗಿಂದ ಬಂದಾಂವ
ಭಾನುವಾರ ಬೆಳಗ್ಗೆ 11:05

ನಮಸ್ಕಾರ ರೀ ಎಲ್ಲಾರಿಗೂ. ನಾ ಇತಿಹಾಸ ಓದಿದಾಂವ ಅಲ್ಲ. ಬೆಳಗಾವಿ ಕಡೆಯಾಂವ, ಹದಿನೇಳ ವರ್ಷ ಪಲ್ಟನ್ದಾಗ ಇದ್ದೆ, ಹವಾಲ್ದಾರ ಆಗಿ ರಿಟೈರ್ ಆದೆ. ಎರಡ ಚಳಿಗಾಲ ಮ್ಯಾಲ ಹಿಮದಾಗ ಕಳದೀನಿ. ನಮಗ ಊಟ ಇತ್ತು, ಬೂಟ ಇತ್ತು, ಬುಖಾರಿ (ಮೈ ಕಾಯಿಸೂ ಒಲಿ) ಇತ್ತು, ಪಗಾರ ತಪ್ಪದ ಬ್ಯಾಂಕಿಗೆ ಬೀಳತಿತ್ತು. ಅವರಿಗೆ ಇದೇನೂ ಇದ್ದಿಲ್ಲ, ಹಿಂಗಾಗಿ ಅವರ ಜೋಡಿ ನನ್ನ ಹೋಲಿಸಿ ಮಾತಾಡಾಕ ಹತ್ತಿಲ್ಲ. ಒಂದ ಮಾತ ಹೇಳ್ತೀನಿ.

ಅಷ್ಟ ಚಳ್ಯಾಗ ದೇಶ ನೆನಪಿಗೆ ಬರಂಗಿಲ್ಲ ರೀ. ಕಾಲ ನೆನಪಾಗ್ತಾವ. ಬೆರಳ ಅದಾವೋ ಹೋದುವೋ ಅಂತ. ರಾತ್ರಿ ಸಂತ್ರಿ ಡ್ಯೂಟಿಗೆ ನಿಂತಾಗ ನಿಮ್ಮ ತಲ್ಯಾಗ ಇರೂದು ಒಂದ: ನನ್ನ ಬದಲಿಗೆ ಬರಾಂವ ಒಳಗ ಮಲಗ್ಯಾನ, ನಾ ಬಿಟ್ಟ ಹೋದ್ರ ಅಂವಗ ಡಬಲ್ ಡ್ಯೂಟಿ ಬೀಳ್ತೈತಿ. ಅಂವ ನಿನ್ನೆ ನನ್ನ ಕಾಲ ತನ್ನ ಹೊಟ್ಟಿ ಮ್ಯಾಲ ಇಟಗೊಂಡ ಬೆಚ್ಚಗ ಮಾಡಿದಾಂವ. ಅಂವನ್ನ ಬಿಟ್ಟ ಹ್ಯಾಂಗ ಹೋಗೂದು? ನಾಚಿಕಿ ಬರ್ತೈತಿ. ಸಾಯೂದಕ್ಕಿಂತ ಆ ನಾಚಿಕಿ ದೊಡ್ಡದು ಅನ್ನಸ್ತೈತಿ ಆವಾಗ.

ಆ ಗುಡಸಲದಾಗ ಹನ್ನೆರಡ ಮಂದಿ ಅಂದ್ರಲ್ಲ, ನಿಮ್ಮ ತಂದಿಯವರ ಪ್ರಶ್ನೇಕ ಉತ್ತರ ಅಲ್ಲೇ ಐತಿ. ಹನ್ನೊಂದ ಮಂದಿ ಮಾರಿ ನೋಡಕೋತ ಹನ್ನೆರಡನೇದಾಂವ ಎದ್ದ ಹೋಗೂದು ಭಾಳ ಕಷ್ಟ.

ದೂರದೂರವ
ಭಾನುವಾರ ಮಧ್ಯಾಹ್ನ 12:10

ಹವಾಲ್ದಾರ್ ಸಾಹೇಬ್ರೇ, ಇದನ್ನು ಅಪ್ಪನಿಗೆ ಓದಿ ಹೇಳಿದೆ. ಎರಡು ಸಲ ಓದಿಸಿಕೊಂಡರು. ಅಮ್ಮ ಅಡುಗೆ ಮನೆಯಿಂದ "ಈಗ ಕಾಲು ಹೇಗಿದೆಯಂತೆ ಅವರದು ಕೇಳು" ಅಂದರು.

ಹಿಮದಾಗಿಂದ ಬಂದಾಂವ
ಭಾನುವಾರ ಮಧ್ಯಾಹ್ನ 12:18

ಅವ್ವಗ ನಮಸ್ಕಾರ ಹೇಳ್ರಿ. ಎಡಗಾಲ ಕಿರಿಬೆರಳ ಒಂದ ಸ್ವಲ್ಪ ಮಂಕ ಐತಿ. ಉಳದದ್ದೆಲ್ಲಾ ಬರೋಬ್ಬರಿ.

ಗಡಿಬಿಡಿ
ಭಾನುವಾರ ಮಧ್ಯಾಹ್ನ 1:40

ಹವಾಲ್ದಾರರ ಅನುಭವಕ್ಕೆ ಕೈಮುಗಿಯುತ್ತೇನೆ. ಆದರೆ 1777ಕ್ಕೆ ಅದನ್ನು ಹಾಗೇ ಅಂಟಿಸಬೇಡಿ. ಜೋಸೆಫ್ ಪ್ಲಂಬ್ ಮಾರ್ಟಿನ್ ಅಂತ ಕನೆಕ್ಟಿಕಟ್‌ನ ಒಬ್ಬ ಸಾಮಾನ್ಯ ಸಿಪಾಯಿ, ಹದಿನೈದನೇ ವಯಸ್ಸಿಗೆ ಸೇರಿದವನು, ಮುದುಕನಾದ ಮೇಲೆ 1830ರಲ್ಲಿ ತನ್ನ ನೆನಪುಗಳನ್ನು ಅಚ್ಚು ಹಾಕಿಸಿದ. ವ್ಯಾಲಿ ಫೋರ್ಜ್ ತಲುಪಿದ ರಾತ್ರಿ ಅವನಿಗೆ ವಿಪರೀತ ಬಾಯಾರಿಕೆ. ಕತ್ತಲಲ್ಲಿ ನೀರು ಹುಡುಕಿದರೂ ಸಿಗಲಿಲ್ಲ. ಇಬ್ಬರು ಸೈನಿಕರು ನೀರಿನ ಬಾಟಲಿ ತುಂಬಿಕೊಂಡು ಬಂದರು. ಒಂದು ಗುಟುಕು ಕೊಡಿ ಅಂದರೆ ಕೊಡಲಿಲ್ಲ. ಕೊನೆಗೆ ಜೇಬಿನಲ್ಲಿದ್ದ ಮೂರು ಪೆನ್ನಿ ಕೊಟ್ಟು ಕುಡಿದ. ಅವನ ಹತ್ತಿರ ಇದ್ದದ್ದೇ ಅಷ್ಟು. ಎರಡು ರಾತ್ರಿ ಒಂದು ಹಗಲು ಅವನು ತಿಂದದ್ದು ಒಂದು ಪುಟ್ಟ ಕುಂಬಳಕಾಯಿಯ ಅರ್ಧ, ಕಲ್ಲಿನ ಮೇಲೆ ಬೇಯಿಸಿಕೊಂಡು. ಎಲ್ಲಿ ಹೋಯಿತು ನಿಮ್ಮ ಹನ್ನೆರಡು ಜನರ ಪ್ರೀತಿ? ನೀರು ಮಾರಿದರು ಸ್ವಾಮಿ, ನೀರು.

ಹಿಮದಾಗಿಂದ ಬಂದಾಂವ
ಭಾನುವಾರ ಮಧ್ಯಾಹ್ನ 2:05

ಆ ಇಬ್ಬರೂ ಅಂವನ ಪಲ್ಟನ್ದಾವರು ಹೌದೋ ಅಲ್ಲೋ, ಅದನ್ನ ನೋಡ್ರಿ ಮೊದಲ.

ಹಳೇಪುಟ
ಭಾನುವಾರ ಮಧ್ಯಾಹ್ನ 2:30

ಸರಿಯಾದ ಜಾಗಕ್ಕೆ ಕೈ ಇಟ್ಟಿರಿ. ಅವರು ತನಗೆ ಗುರುತಿಲ್ಲದವರು ಎಂದು ಮಾರ್ಟಿನ್ನನೇ ಬರೆದಿದ್ದಾನೆ. ಸಾವಿರಾರು ಜನರ ಪಾಳೆಯದಲ್ಲಿ ಎಲ್ಲರೂ ಎಲ್ಲರಿಗೂ ಅಣ್ಣತಮ್ಮಂದಿರಲ್ಲ. ಅದೇ ಮಾರ್ಟಿನ್ ಸ್ವಂತ ರೆಜಿಮೆಂಟಿನ ಬಗ್ಗೆ ಬರೆಯುವಾಗ ದನಿ ಬೇರೆ. ನಾವು ಒಂದು ಕುಟುಂಬದಂತೆ ಇದ್ದೆವು, ಕಷ್ಟ ಹಂಚಿಕೊಂಡೆವು ಎಂದು ಕೊನೆಯ ಪುಟಗಳಲ್ಲಿ, ಸೈನ್ಯ ಚೆದುರಿದ ದಿನದ ಬಗ್ಗೆ, ಬರೆಯುತ್ತಾನೆ. ಅವನದು ಒಳ್ಳೇ ಕೊಂಕು ಬಾಯಿ. 1777ರ ಡಿಸೆಂಬರಿನಲ್ಲಿ ಕಾಂಗ್ರೆಸ್ಸು ದೇವರಿಗೆ ಕೃತಜ್ಞತೆ ಸಲ್ಲಿಸುವ ಹಬ್ಬ ಆಚರಿಸಿ ಎಂದು ಅಪ್ಪಣೆ ಕೊಟ್ಟಿತು. ಹಬ್ಬದೂಟಕ್ಕೆ ಸಿಕ್ಕಿದ್ದು ಅರ್ಧ ಗಿಲ್ ಅಕ್ಕಿ, ಅಂದರೆ ನಮ್ಮ ಪುಟ್ಟ ಕಾಫಿ ಲೋಟದ ಅರ್ಧದಷ್ಟು, ಮತ್ತೆ ಒಂದು ಚಮಚ ವಿನಿಗರ್. ಎಷ್ಟು ಉದಾರ ದೇಶ ನೋಡಿ ಎಂದು ಅಣಕಿಸುತ್ತಾನೆ. ಬೂಟಿಲ್ಲದೆ ಹಸಿ ದನದ ಚರ್ಮದ ತುಂಡಿನಿಂದ ತಾನೇ ಮೆಟ್ಟು ಹೊಲಿದುಕೊಂಡದ್ದು, ಅದು ಗಟ್ಟಿಯಾಗಿ ಕಾಲಿನ ಹರಡು ಕೊಯ್ದದ್ದು, ಆದರೂ ಬರಿಗಾಲಿಗಿಂತ ಅದೇ ವಾಸಿ ಎಂದು ಮೆಟ್ಟಿದ್ದು, ಎಲ್ಲ ಇದೆ.

ವಾಷಿಂಗ್ಟನ್ನನೂ ಬರೀ ದೇಶಪ್ರೇಮವನ್ನು ನಂಬಿರಲಿಲ್ಲ. 1778ರ ಏಪ್ರಿಲ್ 21ಕ್ಕೆ ಜಾನ್ ಬ್ಯಾನಿಸ್ಟರ್ ಎಂಬ ಕಾಂಗ್ರೆಸ್ ಸದಸ್ಯನಿಗೆ ಬರೆದ ಕಾಗದದಲ್ಲಿ ಎರಡೂ ಮಾತು ಇವೆ. ದೇಶಪ್ರೇಮ ಒಂದನ್ನೇ ನೆಚ್ಚಿ ದೀರ್ಘ ಯುದ್ಧ ಮಾಡಲಾಗದು, ಏನಾದರೂ ಲಾಭದ ಭರವಸೆ ಬೇಕು ಎನ್ನುತ್ತಾನೆ. ಅಧಿಕಾರಿಗಳಿಗೆ ಪಿಂಚಣಿ ಕೊಡಿಸಲು ಅವನು ಜಗ್ಗಾಡುತ್ತಿದ್ದ ಕಾಲ ಅದು. ಅದೇ ಕಾಗದದಲ್ಲಿ, ಮೈಗೆ ಬಟ್ಟೆಯಿಲ್ಲದೆ, ಹೊದೆಯಲು ಕಂಬಳಿಯಿಲ್ಲದೆ, ಕಾಲಿನ ರಕ್ತದಿಂದ ನಡೆದ ದಾರಿ ಗುರುತಿಸಬಹುದಾದಂಥ ಜನ ಗೊಣಗದೆ ಸಹಿಸಿದ್ದಕ್ಕೆ ಸಾಟಿಯಿಲ್ಲ ಎಂದೂ ಬರೆಯುತ್ತಾನೆ. ಅಂದರೆ ಕಣ್ಣೆದುರು ನಡೆಯುತ್ತಿದ್ದದ್ದು ಅವನ ಲೆಕ್ಕಾಚಾರಕ್ಕೂ ಪೂರ್ತಿ ಸಿಕ್ಕಿರಲಿಲ್ಲ.

ಗೊಣಗದೆ ಅನ್ನುವುದು ಮಾತ್ರ ಸುಳ್ಳು. ಸಿಕ್ಕಾಪಟ್ಟೆ ಗೊಣಗಿದರು.

ಹೊಂಗೆ ನೆರಳು
ಭಾನುವಾರ ಸಂಜೆ 5:15

ಎಲ್ಲರೂ ಸ್ವಾತಂತ್ರ್ಯ ಅನ್ನುತ್ತಿದ್ದೀರಿ. ಯಾರ ಸ್ವಾತಂತ್ರ್ಯ? ಆ ಗುಡಿಸಲುಗಳಲ್ಲಿ ಕಪ್ಪು ಜನರೂ ಇದ್ದರು. 1778ರ ಆಗಸ್ಟಿನ ಒಂದು ಲೆಕ್ಕದಲ್ಲಿ ವಾಷಿಂಗ್ಟನ್ನನ ಸೈನ್ಯದಲ್ಲಿ 755 ಕಪ್ಪು ಸೈನಿಕರ ಹೆಸರಿದೆ. ರೋಡ್ ಐಲೆಂಡ್ ಸರ್ಕಾರ ಅದೇ ವರ್ಷ ಫೆಬ್ರವರಿಯಲ್ಲಿ, ಸೈನ್ಯಕ್ಕೆ ಸೇರುವ ಗುಲಾಮನಿಗೆ ಬಿಡುಗಡೆ ಎಂದು ಕಾನೂನು ಮಾಡಿತು. ಅವನಿಗೆ ಯುದ್ಧ ಅಂದರೆ ತೆರಿಗೆ, ಸಂಸತ್ತು, ದೊರೆ ಯಾವುದೂ ಅಲ್ಲ. ಅವನ ಮೈ ಅವನದಾಗುವುದು, ಅಷ್ಟೇ. ಅವನು ಚಳಿ ಯಾಕೆ ತಡೆದ ಎಂದು ಯಾರೂ ಕೇಳಬೇಕಿಲ್ಲ. ಇತ್ತ ಸೇನಾಪತಿಯ ಪಕ್ಕದಲ್ಲೇ ವಿಲಿಯಂ ಲೀ ಎಂಬ ಅವನ ಗುಲಾಮ ಯುದ್ಧ ಪೂರ್ತಿ ಕುದುರೆ ಏರಿ ಹಿಂಬಾಲಿಸುತ್ತಿದ್ದ. ಇನ್ನೂ ಸಾವಿರಾರು ಗುಲಾಮರು ಬಿಡುಗಡೆ ಹುಡುಕಿಕೊಂಡು ಬ್ರಿಟಿಷರ ಕಡೆಗೇ ಓಡಿದರು, ಅದೂ ಸ್ವಾತಂತ್ರ್ಯಕ್ಕಾಗಿಯೇ.

ಒನೈಡಾ ಜನರೂ ಇದ್ದಾರೆ. ಅಲ್ಲಿನ ಮೂಲನಿವಾಸಿಗಳಲ್ಲಿ ಇವರು ಅಮೆರಿಕನ್ನರ ಕಡೆ ನಿಂತರು, 1778ರ ಮೇ ತಿಂಗಳಲ್ಲಿ ಅವರ ಯೋಧರು ವ್ಯಾಲಿ ಫೋರ್ಜ್‌ಗೆ ಬಂದರು. ಯುದ್ಧ ಮುಗಿದ ಮೇಲಿನ ದಶಕಗಳಲ್ಲಿ ಅವರ ನೆಲದ ಬಹುಪಾಲು ನ್ಯೂಯಾರ್ಕ್ ರಾಜ್ಯದ ಪಾಲಾಯಿತು. ಬೋರ್ಡಿನಲ್ಲಿ ಇದನ್ನೂ ಹಾಕಿದ್ದಾರಾ, ದೂರದೂರವರೇ?

ದೂರದೂರವ
ಭಾನುವಾರ ಸಂಜೆ 6:00

ಕಪ್ಪು ಸೈನಿಕರ ನೆನಪಿನ ಕಲ್ಲೊಂದು ಇದೆ. ಒನೈಡಾ ಬಗ್ಗೆ ಮುಂದಿನ ಸಲ ಹೋದಾಗ ನೋಡಿ ಹೇಳುತ್ತೇನೆ. ಇವತ್ತು ಅಪ್ಪ ಮೊಣಕಾಲಿಗೆ ಎಣ್ಣೆ ತಿಕ್ಕಿಸಿಕೊಂಡು ಕೂತಿದ್ದಾರೆ, ಹೊರಗೆ ಮೈನಸ್ 8.

ಹಳೇಪುಟ
ಭಾನುವಾರ ರಾತ್ರಿ 9:45

ನನಗೆ ಈ ಇಡೀ ಕಥೆಯಲ್ಲಿ ಇಷ್ಟವಾದ ಮನುಷ್ಯ ಸ್ಟಾಯ್ಬೆನ್. ಫೆಬ್ರವರಿ 23ಕ್ಕೆ ಬಂದಿಳಿದ ಜರ್ಮನ್. ಪ್ರಶಿಯಾ ಎಂಬ ಜರ್ಮನ್ ರಾಜ್ಯದ ದೊಡ್ಡ ಸೇನಾಪತಿ ಎಂದು ಪರಿಚಯ ಪತ್ರ, ಅಸಲಿಗೆ ಅಲ್ಲಿ ಕ್ಯಾಪ್ಟನ್ ಆಗಿದ್ದವನು. ಇಂಗ್ಲಿಷ್ ಬರುತ್ತಿರಲಿಲ್ಲ. ನೂರು ಜನರನ್ನು ಆರಿಸಿಕೊಂಡು ತಾನೇ ಬಂದೂಕು ಹಿಡಿದು ಕವಾಯತು ಕಲಿಸಲು ನಿಂತ. ಅಧಿಕಾರಿ ಸಿಪಾಯಿಗೆ ಕೈಯಾರೆ ಕಲಿಸುವುದು ಆ ಕಾಲಕ್ಕೆ ಮರ್ಯಾದೆಗೇಡು. ಹುಡುಗರು ತಪ್ಪು ಹೆಜ್ಜೆ ಹಾಕಿದರೆ ಜರ್ಮನ್‌ನಲ್ಲಿ ಬೈಯುತ್ತಿದ್ದ, ಸಾಲದೆ ಹೋದರೆ ಫ್ರೆಂಚಿನಲ್ಲಿ, ಅದೂ ಖರ್ಚಾದರೆ ಪಕ್ಕದ ಕ್ಯಾಪ್ಟನ್ನನನ್ನು ಕರೆದು "ನೀನು ನನ್ನ ಪರವಾಗಿ ಇಂಗ್ಲಿಷಿನಲ್ಲಿ ಬೈ" ಅನ್ನುತ್ತಿದ್ದ. ಹುಡುಗರು ನಕ್ಕು ನಕ್ಕು ಕಲಿತರು.

ಆಮೇಲೆ ಯುರೋಪಿನ ಗೆಳೆಯನಿಗೆ ಒಂದು ಕಾಗದ ಬರೆದ. ನಿಮ್ಮಲ್ಲಿ ಸಿಪಾಯಿಗೆ "ಇದನ್ನು ಮಾಡು" ಅಂದರೆ ಮಾಡುತ್ತಾನೆ. ಇಲ್ಲಿ "ಇದನ್ನು ಯಾಕೆ ಮಾಡಬೇಕು ಅಂದರೆ" ಎಂದು ಕಾರಣ ಹೇಳಬೇಕು, ಆಮೇಲೆ ಮಾಡುತ್ತಾನೆ ಎಂದು. ನಿಮ್ಮಪ್ಪನ ಪ್ರಶ್ನೆಗೆ ಇದೂ ಒಂದು ತುಣುಕು. ಇವರು ಹೊಡೆತಕ್ಕೆ ಹೆದರಿ ನಿಂತವರಲ್ಲ (ಚಾಟಿಯೇಟು ಇತ್ತು, ಇಲ್ಲ ಅನ್ನುವುದಿಲ್ಲ). ಕಾರಣ ಕೇಳುವ ಜನ. ಮಾರ್ಚಿನಲ್ಲಿ ನಥಾನಿಯಲ್ ಗ್ರೀನ್ ಸರಬರಾಜು ವಹಿಸಿಕೊಂಡ ಮೇಲೆ ಬಂಡಿಗಳು ಬರತೊಡಗಿದವು. ಫ್ರಾನ್ಸ್ ತಮ್ಮ ಜೊತೆ ಸೇರಿದೆ ಎಂಬ ಸುದ್ದಿಗೆ ಮೇ 6ರಂದು ಹಬ್ಬ ಮಾಡಿದರು. ಜೂನ್ 19ಕ್ಕೆ ಜಾಗ ಬಿಟ್ಟರು, ಜೂನ್ 28ಕ್ಕೆ ಮನ್ಮತ್ ಎಂಬಲ್ಲಿ ಬ್ರಿಟಿಷರ ಎದುರು ಹಿಮ್ಮೆಟ್ಟದೆ ನಿಂತರು.

ಗಡಿಬಿಡಿ
ಭಾನುವಾರ ರಾತ್ರಿ 10:10

ಸುಖಾಂತ್ಯ ಮಾಡಿಬಿಟ್ಟಿರಿ. ಇನ್ನೆರಡು ವರ್ಷಕ್ಕೆ, ಇನ್ನೊಂದು ಚಳಿಗಾಲದ ಪಾಳೆಯವಾದ ಮಾರಿಸ್‌ಟೌನ್‌ನಲ್ಲಿ ಏನಾಯಿತು ಅದನ್ನೂ ಹೇಳಿ. ವ್ಯಾಲಿ ಫೋರ್ಜ್‌ನ ಚಳಿ ಆ ಕಾಲಕ್ಕೆ ಸಾಧಾರಣ ಚಳಿ. 1779-80ರದು ನಿಜವಾದದ್ದು, ನ್ಯೂಯಾರ್ಕ್ ಬಂದರೇ ಹೆಪ್ಪುಗಟ್ಟಿತ್ತು. ಮಾರ್ಟಿನ್ ನಾಲ್ಕು ದಿನ ಬರ್ಚ್ ಮರದ ತೊಗಟೆ ಕಡಿದುಕೊಂಡು ಇದ್ದ. ಹಳೇ ಬೂಟು ಸುಟ್ಟು ತಿಂದವರನ್ನು ಕಣ್ಣಾರೆ ಕಂಡೆ ಎಂದು ಬರೆದಿದ್ದಾನೆ. 1780ರ ಮೇ 25ಕ್ಕೆ ಅವನ ಕನೆಕ್ಟಿಕಟ್ ಹುಡುಗರೇ ಬಂದೂಕು ಹಿಡಿದು ದಂಗೆ ಎದ್ದರು. 1781ರ ಹೊಸ ವರ್ಷದ ದಿನ ಪೆನ್ಸಿಲ್ವೇನಿಯಾದವರು ಎದ್ದರು, ಅಧಿಕಾರಿಯೊಬ್ಬನನ್ನು ಕೊಂದರು. ಆಮೇಲೆ ನ್ಯೂಜೆರ್ಸಿಯವರು. ಸಹನೆಯ ಮೂರ್ತಿಗಳು!

ಹಳೇಪುಟ
ಭಾನುವಾರ ರಾತ್ರಿ 11:20

ನೀವು ಇದನ್ನು ತೆಗೆದದ್ದು ಒಳ್ಳೆಯದಾಯಿತು, ನಾನು ಹೇಳಬೇಕೆಂದಿದ್ದದ್ದು ಇಲ್ಲೇ ಇದೆ.

ಪೆನ್ಸಿಲ್ವೇನಿಯಾದ ದಂಗೆ ನೋಡಿ. "ಮೂರು ವರ್ಷ ಅಥವಾ ಯುದ್ಧ ಇರುವ ತನಕ" ಎಂದು ಬರೆಸಿಕೊಂಡಿದ್ದರು. ಮೂರು ವರ್ಷ ಮುಗಿಯಿತು, ಬಿಡಿ ಎಂದು ಸಿಪಾಯಿಗಳು. ಯುದ್ಧ ಮುಗಿದಿಲ್ಲ, ಬಿಡುವುದಿಲ್ಲ ಎಂದು ಅಧಿಕಾರಿಗಳು. ಸಂಬಳ ಇಲ್ಲ, ಬಟ್ಟೆ ಇಲ್ಲ. ಸಾವಿರಕ್ಕೂ ಮೀರಿದ ಜನ ಫಿರಂಗಿ ಎಳೆದುಕೊಂಡು, ತಮ್ಮ ಸಾರ್ಜೆಂಟುಗಳನ್ನೇ ನಾಯಕರಾಗಿ ಮಾಡಿಕೊಂಡು ಸಾಲುಗಟ್ಟಿ ಪ್ರಿನ್ಸ್‌ಟನ್‌ಗೆ ನಡೆದರು. ಇದು ನ್ಯೂಯಾರ್ಕ್‌ನಲ್ಲಿದ್ದ ಬ್ರಿಟಿಷ್ ಸೇನಾಪತಿ ಕ್ಲಿಂಟನ್ನನ ಕಿವಿಗೆ ಬಿತ್ತು. ಅವನು ಇಬ್ಬರನ್ನು ಗುಟ್ಟಾಗಿ ಕಳಿಸಿದ. ನಮ್ಮ ಕಡೆ ಬನ್ನಿ, ನಿಮ್ಮ ಬಾಕಿ ಸಂಬಳ ಪೂರ್ತಿ ಚುಕ್ತಾ ಮಾಡುತ್ತೇವೆ, ಕ್ಷಮೆಯೂ ಉಂಟು ಎಂದು.

ದಂಗೆಕೋರರು ಆ ಇಬ್ಬರನ್ನೂ ಹಿಡಿದು ತಮ್ಮ ಅಧಿಕಾರಿಗಳಿಗೇ ಒಪ್ಪಿಸಿದರು. ಇಬ್ಬರಿಗೂ ಗಲ್ಲಾಯಿತು. ಹಿಡಿದುಕೊಟ್ಟವರಿಗೆ ಚಿನ್ನದ ನಾಣ್ಯಗಳ ಬಹುಮಾನ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ಗಡಿಬಿಡಿಯವರೇ, ದುಡ್ಡಿಗಾಗಿಯೇ ಎದ್ದವರು ದುಡ್ಡು ಬಾಗಿಲಿಗೆ ಬಂದಾಗ ಬೇಡವೆಂದರು. ಅವರ ತಕರಾರು ಇದ್ದದ್ದು ತಮ್ಮವರ ಮೇಲೆ. ಕೊನೆಗೆ ಮಾತುಕತೆಯಾಗಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಬಿಡುಗಡೆ ಸಿಕ್ಕಿತು. ಬಿಡುಗಡೆ ಸಿಕ್ಕವರಲ್ಲಿ ಎಷ್ಟೋ ಜನ ಮನೆ ಕಡೆ ಹೋಗಿ ಮತ್ತೆ ಹೊಸದಾಗಿ ಹೆಸರು ಬರೆಸಿದರು!

ನ್ಯೂಜೆರ್ಸಿಯವರಿಗೆ ಆ ಭಾಗ್ಯ ಇರಲಿಲ್ಲ. ಈ ಸಲ ವಾಷಿಂಗ್ಟನ್ ಬಿಡಲಿಲ್ಲ. ಇಬ್ಬರನ್ನು ಗುಂಡಿಟ್ಟು ಕೊಲ್ಲಿಸಿದ, ಗುಂಡು ಹಾರಿಸಲು ನಿಲ್ಲಿಸಿದ್ದು ದಂಗೆಯ ಜೊತೆಗಾರರನ್ನೇ. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಮಾರ್ಟಿನ್ ತನ್ನ ಕನೆಕ್ಟಿಕಟ್ ದಂಗೆಯ ಬಗ್ಗೆ ಬರೆದದ್ದೂ ಹೀಗೇ. ನಾವು ದೇಶವನ್ನು ಪ್ರೀತಿಸಿದವರು, ಅದಕ್ಕಾಗಿ ಸಾವೊಂದನ್ನು ಬಿಟ್ಟು ಎಲ್ಲ ಅನುಭವಿಸಿದ್ದೆವು. ಈಗ ದೇಶ ಸುಮ್ಮನೆ ಕೂತು ಹಸಿದವರಿಂದ ಪರಾಕ್ರಮ ನಿರೀಕ್ಷಿಸುತ್ತಿದೆ. ಏನು ಮಾಡಬೇಕಿತ್ತು ನಾವು? ದಂಗೆ ಎದ್ದವನೂ ಅವನೇ, ಎಂಟು ವರ್ಷದ ಯುದ್ಧ ಮುಗಿಯುವ ತನಕ ಬಿಡದೆ ಇದ್ದವನೂ ಅವನೇ.

ಹಿಮದಾಗಿಂದ ಬಂದಾಂವ
ಸೋಮವಾರ ಬೆಳಗ್ಗೆ 6:30

ಇದು ನನಗ ಪೂರಾ ತಿಳಿತೈತಿ. ಲಂಗರದಾಗ (ಪಲ್ಟನ್ ಅಡಗಿ ಮನ್ಯಾಗ) ದಾಲ್ ನೀರ ಆತು ಅಂತ ನಾವೂ ಕೂಗ್ಯಾಡೀವಿ. ರಜಾ ಕೊಡಲಿಲ್ಲಂತ ಸಾಹೇಬರ ಹಿಂದ ಏನೇನ ಅಂದೀವಿ, ಇಲ್ಲಿ ಬರಿಯಾಕ ಬರಂಗಿಲ್ಲ. ಖರೇ ಹೊರಗಿನಾಂವ ಒಬ್ಬ ಬಂದು "ಹೌದಪಾ, ನಿಮ್ಮ ಸಾಹೇಬ ಸರಿ ಇಲ್ಲ" ಅಂದ್ರ ಅಂವನ ಹಲ್ಲ ಉದರಸ್ತಿದ್ವಿ. ಬೈಯೂ ಹಕ್ಕ ನಮ್ಮದು. ಅಂವಂದಲ್ಲ.

ಗಡಿಬಿಡಿ
ಸೋಮವಾರ ಬೆಳಗ್ಗೆ 9:15

ಸರಿ, ಆ ಇಬ್ಬರು ಗೂಢಚಾರರ ವಿಷಯ ನನಗೆ ಗೊತ್ತಿರಲಿಲ್ಲ. ಅಷ್ಟರ ಮಟ್ಟಿಗೆ ಸೋತೆ. ಬಡವರು ಎಂಬ ಮಾತು ಮಾತ್ರ ವಾಪಸ್ ತೆಗೆದುಕೊಳ್ಳುವುದಿಲ್ಲ. ನೂರು ಎಕರೆ ಎಷ್ಟು ಜನಕ್ಕೆ ಸಿಕ್ಕಿತು ಕೇಳಿ ನೋಡಿ. ಕೈಗೆ ಬಂದ ಜಮೀನಿನ ಕಾಗದವನ್ನು ದಲ್ಲಾಳಿಗಳಿಗೆ ಕಾಸಿಗೆ ಮಾರಿ ಊರು ಸೇರಿದರು ಎಷ್ಟೋ ಜನ.

ದೂರದೂರವ
ಮಂಗಳವಾರ ಬೆಳಗ್ಗೆ 7:50

ನಿನ್ನೆ ಊಟಕ್ಕೆ ಕೂತಾಗ ಎಲ್ಲ ಹೇಳಿದೆ. ಹನ್ನೆರಡು ಜನರ ಗುಡಿಸಲು, ಸ್ಟಾಯ್ಬೆನ್, ಹೈದರ್ ಅಲಿ ಹಡಗು (ಅದಕ್ಕೆ ತುಂಬಾ ಖುಷಿಪಟ್ಟರು), ಗೂಢಚಾರರನ್ನು ಹಿಡಿದುಕೊಟ್ಟದ್ದು. ಅಪ್ಪ ಅನ್ನ ಕಲಸುತ್ತಾ ಕೇಳಿಸಿಕೊಂಡರು. ಅಂಕ ಎಷ್ಟು ಎಂದು ಹೇಳಲಿಲ್ಲ. "ಆ ಹುಡುಗ ಮಾರ್ಟಿನ್, ಅವನಿಗೆ ಕೊನೆಗೆ ಪೆನ್ಷನ್ ಬಂತಾ?" ಅಂದರು.

ನಮ್ಮಪ್ಪ ನಿವೃತ್ತಿಯಾದ ಮೇಲೆ ಬಾಕಿ ಹಣಕ್ಕಾಗಿ ಎರಡು ವರ್ಷ ಒಂದು ಕಚೇರಿಯ ಮೆಟ್ಟಿಲು ಹತ್ತಿ ಇಳಿದವರು. ಬೇರೆ ಪ್ರಶ್ನೆ ಬರುವುದು ಸಾಧ್ಯವೇ ಇರಲಿಲ್ಲ.

ಹುಡುಕಿ ನೋಡಿದೆ. ಬಂತು. 1818ರ ಕಾನೂನಿನಲ್ಲಿ, ತಿಂಗಳಿಗೆ 8 ಡಾಲರ್, ಬಡವ ಎಂದು ತೋರಿಸಿಕೊಂಡರೆ. ಯುದ್ಧ ಮುಗಿದು 35 ವರ್ಷಕ್ಕೆ. 1820ರಲ್ಲಿ ನಿಯಮ ಬಿಗಿ ಮಾಡಿದರು, ಕೋರ್ಟಿನ ಮುಂದೆ ಆಸ್ತಿಯ ಪಟ್ಟಿ ಕೊಡಬೇಕಾಯಿತು. ಅವನು ಕೊಟ್ಟ ಪಟ್ಟಿ ಸಿಕ್ಕಿತು, ಅಪ್ಪನಿಗೆ ಓದಿದೆ. ಉಟ್ಟ ಬಟ್ಟೆ, ಹಾಸಿಗೆ ಬಿಟ್ಟರೆ ಎರಡು ಹಸು, ಆರು ಕುರಿ, ಒಂದು ಹಂದಿ.

"ಹಸು ಕರಾವು ಇತ್ತಂತಾ?" ಅಂತ ಅಮ್ಮ ಕೇಳಿದರು.